ಗಾಡಿಯಲ್ಲಿ ಜಾಗವಿರಲಿಲ್ಲ

ನಮ್ಮ ಮಾವ ತೀರಿಕೊಂಡ ವರ್ಷದ ಕ್ರಿಸ್‌ಮಸ್ ಅದು. ಈಗ್ಗೆ ಎರಡು ವರ್ಷವಾಯಿತು. ಬೆಳಗಾವಿಯ ನಮ್ಮ ಮನೆಯಲ್ಲಿ ಡಿಸೆಂಬರ್ ತಿಂಗಳಿಡೀ ಬಾಗಿಲ ಬೆಲ್ಲು ಹೊಡೆದುಕೊಳ್ಳುತ್ತಲೇ ಇತ್ತು. ಬಂದವರು ನೆಂಟರಲ್ಲ, ಪಾರ್ಸಲ್‌ಗಳು! ಉದ್ಯಮಬಾಗದಲ್ಲಿರುವ ನಮ್ಮ ಯಜಮಾನರ ವರ್ಕ್‌ಶಾಪಿಗೆ ಆ ವರ್ಷ ಒಳ್ಳೆಯ ಆರ್ಡರ್ ಸಿಕ್ಕಿತ್ತು. “ಅಪ್ಪ ಹೋದ ಮ್ಯಾಲೆ ಮೊದಲನೇ ಹಬ್ಬ, ಮನ್ಯಾಗ ಯಾರೂ ಸಪ್ಪಗ ಇರಬಾರದು” ಎಂದು ಕಂಡದ್ದೆಲ್ಲ ತರಿಸಿದರು. ನಾನೇನು ಕಡಿಮೆಯೇ? ಆಫರ್ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಏಳು ವರ್ಷದ ಮಗಳು ಜೆನಿಗೆಂದು ಅವಳೇ ಕೂತು ಓಡಿಸುವ, ಚಾರ್ಜ್ ಮಾಡುವ ಆಟದ ಕಾರು ಬಂತು. ಅದರ ಬಾಕ್ಸ್ ನೋಡಿ ಫ್ರಿಜ್ಜೇ ಬಂದಿತೇನೋ ಎಂದು ಗಾಬರಿಯಾದೆ.

ಹಬ್ಬ ಮಾತ್ರ ಪ್ರತಿವರ್ಷ ಖಾನಾಪುರದಲ್ಲಿ, ಭಾವನವರ ಮನೆಯಲ್ಲಿ. ಅವರು ಅಲ್ಲಿ ಗೋದಲಿ ಕಟ್ಟುತ್ತಾರೆ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಚಿಕ್ಕದಾಗಿ ಮಾಡಿಡುತ್ತಾರೆ. ಸುತ್ತ ಹಸಿರು ಕಾಣಲೆಂದು ರಾಗಿ ಮೊಳಕೆ ಬರಿಸುತ್ತಾರೆ. ಯೇಸುವಿನ ತಾಯಿ ಮರಿಯಮ್ಮ, ಜೋಸೆಫ್, ಕುರಿ, ದನ ಎಲ್ಲ ಬೊಂಬೆಗಳೂ ಮೊದಲೇ ಬಂದು ನಿಲ್ಲುತ್ತವೆ. ನಡುವಿನ ಹುಲ್ಲಿನ ಹಾಸಿಗೆ ಮಾತ್ರ ಖಾಲಿ. ಹಬ್ಬದ ಹಿಂದಿನ ಸಂಜೆ ದೀಪ ಹಚ್ಚಿ, ಪ್ರಾರ್ಥನೆ ಮಾಡಿ, ಬಾಲಯೇಸುವನ್ನು ಅದರ ಮೇಲೆ ಮಲಗಿಸಿದ ಬಳಿಕವೇ ನಾವೆಲ್ಲ ಇಗರ್ಜಿಗೆ ಹೊರಡುವುದು.

ಅಂಗೈಯಗಲದ ಆ ಮಣ್ಣಿನ ಮೂರ್ತಿಯನ್ನು ಮಾವ ಮದುವೆಯಾದ ಹೊಸದರಲ್ಲಿ ತಂದದ್ದಂತೆ. ವರ್ಷವೂ ಅವರೇ ಮಲಗಿಸುತ್ತಿದ್ದರು. ಅವರು ಹೋದ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದಾಗ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಅದನ್ನೂ ಇಟ್ಟುಕೊಂಡು ಬಂದಿದ್ದರು. “ಈ ಸಲ ಅವರ ಬದಲಿ ನಾ ಮಲಗಸ್ತೀನಿ” ಎಂದು ಅದೆಷ್ಟು ಸಲ ಹೇಳಿದ್ದರೋ. ಆ ಹಬ್ಬದಲ್ಲಿ ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಹಬ್ಬದ ಹಿಂದಿನ ದಿನ ಹೊರಡುವ ಹೊತ್ತಿಗೆ ಅತ್ತೆ ಇನ್ನೊಂದು ಮಾತು ತೆಗೆದರು. “ಶಾಂತಾನ್ನೂ ಕರಕೊಂಡು ಹೋಗೂಣು. ಪಾಪ, ಒಮ್ಮಿನೂ ಗೋದಲಿ ನೋಡಿಲ್ಲ ಆಕಿ.” ಶಾಂತಕ್ಕ ನಮ್ಮ ಬಾಜು ಮನೆಯವರು, ಲಿಂಗಾಯತರು, ನಿವೃತ್ತ ಟೀಚರ್. ಸಂಜೆಯಾದರೆ ಇಬ್ಬರದೂ ಕಟ್ಟೆಯ ಮೇಲೆ ಮುಗಿಯದ ಮಾತು.

ಯಜಮಾನರು ಹಿಂದಿನ ಸೀಟು ತೋರಿಸಿದರು. “ಎಲ್ಲಿ ಕುಂದರಸ್ಲಿ ಅವ್ವಾ? ಗಾಡ್ಯಾಗ ಜಾಗಾನ ಇಲ್ಲ.” ನಿಜವೇ. ಆಟದ ಕಾರಿನ ಬಾಕ್ಸೇ ಅರ್ಧ ಸೀಟು ತಿಂದಿತ್ತು. ಕಾರಿನೊಳಗೆ ಇನ್ನೊಂದು ಕಾರು! ಗೇಟಿನ ಹತ್ತಿರ ನಿಂತಿದ್ದ ಶಾಂತಕ್ಕ, “ಇರ್ಲಿ ಬಿಡ್ರಿ ಅಕ್ಕಾ, ಮುಂದಿನ ವರ್ಷ ನೋಡೂಣು” ಎಂದು ನಕ್ಕು, ಗಿಡಗಳಿಗೆ ನೀರು ಹಾಕಲು ನಮ್ಮ ಗೇಟಿನ ಕೀಲಿ ಇಸಿದುಕೊಂಡು ತಮ್ಮ ಮನೆಯೊಳಗೆ ಹೋದರು. ನಾವು ಸಾಮಾನೆಲ್ಲ ಒಮ್ಮೆ ಹೊರಗೆ ತೆಗೆದು, ಮತ್ತೆ ತುರುಕಿ, ಡೋರ್ ಒತ್ತಿ ಹಾಕಿಕೊಂಡು ಹೊರಟೆವು. ಅತ್ತೆಯ ತೊಡೆಯ ಮೇಲೂ ಚೀಲಗಳೇ.

ಸಂಜೆ ಖಾನಾಪುರದಲ್ಲಿ ಅತ್ತೆ ಬಿಳಿ ಸೀರೆ ಉಟ್ಟು ಗೋದಲಿಯ ಮುಂದೆ ಬಂದು, “ಡಬ್ಬಿ ತಾ ಸುನೀತಾ” ಎಂದು ನನಗೆ ಹೇಳಿದರು. ಡಬ್ಬಿ ಎಲ್ಲಿ? ಒಂದೊಂದೇ ಚೀಲ ಸುರುವಿದೆವು. ಸ್ವೆಟರು ಬಂತು, ಗೊಂಬೆ ಬಂತು, ಡಬ್ಬಿ ಮಾತ್ರ ಇಲ್ಲ. ಆಗ ನೆನಪಾಯಿತು. ಸಾಮಾನು ಹೊರಗೆ ತೆಗೆದಾಗ ಒಡೆದೀತೆಂದು ಹೆದರಿ ಅದನ್ನು ನಮ್ಮ ಮನೆಯ ಕಟ್ಟೆಯ ಮೇಲೆ ನಾನೇ ಇಟ್ಟಿದ್ದೆ!

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಕುಸಿದು ಕೂತು, “ಎಲ್ಲಾ ತಂದೀರಿ. ಹಬ್ಬ ಯಾರದೈತೋ ಅವನ್ನ ಬಿಟ್ಟು ಬಂದೀರಿ. ಆವಾಗ ಬಸುರಿ ಮರಿಯಮ್ಮಗ ಛತ್ರದಾಗ ಜಾಗಾ ಇಲ್ಲಂದ್ರು. ಈಗ ನಮ್ಮ ಗಾಡ್ಯಾಗ ಇಲ್ಲ” ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಜೆನಿಯೂ ಅಳತೊಡಗಿದಳು.

ಯಜಮಾನರು ಶಾಂತಕ್ಕನಿಗೆ ಫೋನ್ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. “ನಾನ ಹೋಗಿ ತರ್ತೀನಿ” ಎಂದು ಅವರು ಕಾರಿನ ಕೀಲಿ ತೆಗೆದುಕೊಳ್ಳುವುದಕ್ಕೂ ಹೊರಗೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಇಳಿದವರು ಶಾಂತಕ್ಕ! ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ, ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದರು.

“ನೀರು ಹಾಕಾಕ ಹೋದ್ರ ಕಟ್ಟಿ ಮ್ಯಾಲೆ ಇದು ಐತಿ! ಅಕ್ಕ ತೋರಿಸಿದ್ರಲ್ಲ, ಗುರ್ತು ಹಿಡಿದೆ. ಫೋನ್ ಮಾಡಿದ್ರ ನೀವು ಅರ್ಧಾ ದಾರಿಯಿಂದ ಹೊಳ್ಳಿ ಬರಬೇಕು. ಅದಕ್ಕ ನಾನ ಬಸ್ ಹತ್ತಿದೆ. ಇಲ್ಲಿ ಇಳಿದು ಗೋದಲಿ ಕಟ್ಟೋರ ಮನಿ ಅಂದ್ರ ಆಟೋದಾಂವ ಸೀದಾ ಕರಕೊಂಡು ಬಂದ” ಎಂದರು. ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲವಂತೆ. ಡಬ್ಬಿಯನ್ನು ಮೇಲೆ ಇಡಿ ಎಂದು ಕಂಡಕ್ಟರ್ ಹೇಳಿದರೂ ಇವರು ಕೊಡಲಿಲ್ಲ. ಬ್ಯಾಗಿನಲ್ಲಿದ್ದ ಫೋನ್ ರಿಂಗಾದರೂ ಡಬ್ಬಿಯಿಂದ ಕೈ ತೆಗೆಯಲಿಲ್ಲ. “ಕೊರಳಾಗ ಒಬ್ಬಾಂವ, ಕೈಯಾಗ ಒಬ್ಬಾಂವ. ಇಬ್ಬರನ್ನೂ ಸಂಭಾಳಿಸಿಕೊಂಡು ಬಂದೀನ್ರಿ” ಎಂದು ತಮ್ಮ ಇಷ್ಟಲಿಂಗ ಮುಟ್ಟಿಕೊಂಡು ನಕ್ಕರು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಕುಂದರ್ರಿ ಶಾಂತಕ್ಕಾರ” ಎಂದೆ. ಎಲ್ಲಿ ಕೂರಬೇಕು? ಒಂದೊಂದು ಕುರ್ಚಿಯ ಮೇಲೂ ಬಾಕ್ಸ್! ಜೆನಿ ಓಡಿಬಂದು ತನ್ನ ಗೊಂಬೆಗಳನ್ನೆಲ್ಲ ನೆಲಕ್ಕೆ ತಳ್ಳಿ ಕುರ್ಚಿ ಖಾಲಿ ಮಾಡಿದಳು. ನಾನು ಸುಮ್ಮನಿರಲಾರದೆ ಎಲ್ಲಕ್ಕಿಂತ ದೊಡ್ಡ ಗಿಫ್ಟ್ ಆರಿಸಿ ಅವರ ಮುಂದೆ ಹಿಡಿದೆ. “ಅದನ್ನ ಎಲ್ಲಿ ಹೊತ್ಕೊಂಡು ಹೋಗ್ಲಿ ಯವ್ವಾ? ಒಂದು ಕಪ್ ಚಾ ಕೊಡು, ಸಾಕು” ಎಂದರು.

ಚಹಾ ಕುಡಿದ ಮೇಲೆ ದೀಪ ಹಚ್ಚಿದೆವು. ಪ್ರಾರ್ಥನೆ ಮುಗಿಯಿತು. ಅತ್ತೆ ಮೂರ್ತಿಯನ್ನು ಡಬ್ಬಿಯಿಂದ ತೆಗೆದು ಮುತ್ತಿಟ್ಟು, ಶಾಂತಕ್ಕನ ಕಡೆ ಚಾಚಿದರು.

“ನಾ ಇಡಬಹುದೇನ್ರಿ ಅಕ್ಕಾ?”

“ಹೊತ್ತು ತಂದಾಕಿ ನೀನು. ಬಾ, ಇಬ್ಬರೂ ಮಲಗಸೂಣು.”

ಎರಡು ಮುದಿ ಜೀವಗಳು ನಾಲ್ಕು ಕೈಯಿಂದ ಆ ಪುಟ್ಟ ಮೂರ್ತಿಯನ್ನು ಹುಲ್ಲಿನ ಮೇಲೆ ಮಲಗಿಸಿದವು. ಅತ್ತೆಯ ಮುಖದಲ್ಲಿ ಮಾವ ಹೋದ ಮೇಲೆ ನಾನು ನೋಡಿದ ಮೊದಲ ನಗು ಅದು.

ಆ ಆಟದ ಕಾರು ಈಗ ಭಾವನವರ ಅಂಗಳದಲ್ಲಿದೆ, ಕೋಳಿಗಳು ಹತ್ತಿ ಕೂರುತ್ತವೆ. ಆಫರ್ ಕಂಡರೆ ನನ್ನ ಬೆರಳು ಈಗಲೂ ತುರಿಸುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಹೋದ ಕ್ರಿಸ್‌ಮಸ್ಸಿಗೆ ಹೊರಟಾಗ ಯಜಮಾನರು ಕೈಯಲ್ಲೊಂದು ಬಾಕ್ಸ್ ಹಿಡಿದು “ಇದನ್ನ ಎಲ್ಲಿ ಇಡ್ಲಿ?” ಎಂದು ಕೇಳಿದರು. ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದ ಜೆನಿ ನನಗಿಂತ ಮೊದಲೇ ಹೇಳಿದಳು:

“ಎಲ್ಲೆರೆ ಇಡು ಪಪ್ಪಾ. ಇದು ಶಾಂತಜ್ಜಿ ಸೀಟು.”