ಕವಲಿನಲ್ಲಿ ಮೂರು ಕಲ್ಲು

ಮೊಬೈಲು ದಾರಿ ಹೇಳುವ ಕಾಲ ಇನ್ನೂ ಬಂದಿರಲಿಲ್ಲ. ಆಗ ನಮ್ಮ ಮನೆಯಲ್ಲಿ ದಾರಿ ಹೇಳುತ್ತಿದ್ದದ್ದು ಅಪ್ಪನ ಪುಸ್ತಕ. ಮಧುಗಿರಿಯಲ್ಲಿ ಅಪ್ಪನದೊಂದು ಸಣ್ಣ ಬಟ್ಟೆ ಅಂಗಡಿ, ಮಂಗಳವಾರ ರಜೆ. ಅಂಗಡಿ ಬಿಟ್ಟರೆ ಅಪ್ಪನಿಗಿದ್ದ ಒಂದೇ ಹುಚ್ಚು ಬೆಟ್ಟ ಹತ್ತುವುದು. ತುಮಕೂರಿನಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಸಿಕ್ಕಿದ್ದ ಆ ರಟ್ಟು ಕಿತ್ತ ಪುಸ್ತಕದಲ್ಲಿ ನಮ್ಮ ಸೀಮೆಯ ಬೆಟ್ಟಗಳ ನಕ್ಷೆಗಳಿದ್ದವು. ಎಲ್ಲಿ ಬಸ್ಸಿಳಿಯಬೇಕು, ಬಂಡೆಯ ಮೇಲೆ ನೀರು ನಿಲ್ಲುವ ದೊಣೆ ಎಲ್ಲಿದೆ, ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದೋ ಇಲ್ಲವೋ, ಎಲ್ಲವನ್ನೂ ಬರೆದಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದ ಆ ದಸರಾ ರಜೆಯಲ್ಲಿ ಪ್ರತಿ ಸೋಮವಾರ ಸಂಜೆ ನಡುಮನೆಯಲ್ಲಿ ಚಾಪೆಯ ಮೇಲೆ ನಕ್ಷೆ ಬಿಚ್ಚಿಕೊಳ್ಳುತ್ತಿತ್ತು. ಅಂಗಡಿಯಿಂದ ತಂದ ಕೆಂಪು ದಾರವನ್ನು ಅಪ್ಪ ಒದ್ದೆ ಮಾಡಿ ನಕ್ಷೆಯ ಅಂಕುಡೊಂಕು ಗೆರೆಯ ಮೇಲೆ ಅಂಟಿಸುತ್ತಿದ್ದ. ಆಮೇಲೆ ಅದನ್ನು ನೆಟ್ಟಗೆ ಎಳೆದು ಟೇಪಿಗೆ ಹಿಡಿದು, ಇಷ್ಟು ಮೈಲಿ ಎಂದು ಲೆಕ್ಕ ಹೇಳುತ್ತಿದ್ದ. ಅವನ ಕೈಗೆ ಹೊಸ ಬಟ್ಟೆಯ ಗಂಜಿಯ ವಾಸನೆ. ಒಳಗೆ ಅಮ್ಮ ಬೆಳಗಿನ ಬುತ್ತಿಗೆಂದು ಹುಚ್ಚೆಳ್ಳು ಹುರಿಯುತ್ತಿದ್ದ ವಾಸನೆ. ಎರಡೂ ಸೇರಿದರೆ ನನ್ನ ಪಾಲಿಗೆ ಅದೇ ರಜೆ.

"ಈ ಸಲ ಹೊಳವನಹಳ್ಳಿ ಬಸ್ಸು," ಎಂದ ಅಪ್ಪ ಒಂದು ಸೋಮವಾರ. "ಮೇಲೆ ಸಣ್ಣದೊಂದು ಗುಡಿ ಐತಂತೆ. ಸೀತಾಫಲದ ಕಾಲ್ದಲ್ಲಿ ಕರಡಿ ಇಳೀತವೆ, ಹುಷಾರು ಅಂತಾನೂ ಬರ್ದವ್ರೆ."

"ಕರಡಿ ಇರೋ ಕಡೀಕೆ ಮಕ್ಳನ್ನ ಕಟ್ಕೊಂಡು ಹೋಗದೇನ್ರೀ?" ಅಮ್ಮ ಒಳಗಿನಿಂದಲೇ ಕೇಳಿದಳು.

"ಹಗಲೊತ್ತು ಬರಲ್ಲ ಬುಡೇ. ಪುಸ್ತಕದಲ್ಲೇ ಐತೆ."

ಪುಸ್ತಕದಲ್ಲಿದ್ದ ಮೇಲೆ ಮುಗಿಯಿತು. ಅಮ್ಮನಿಗೆ ಮಂಡಿನೋವು. ಆರು ವರ್ಷದ ತಂಗಿ ಪುಟ್ಟಿಯ ಕೈ ಹಿಡಿದು ಅವಳು ಯಾವಾಗಲೂ ನಿಧಾನಕ್ಕೆ ಹಿಂದೆ ಬರುತ್ತಿದ್ದಳು. ನಾನೂ ಅಪ್ಪನೂ ಮುಂದೆ. ದಾರಿ ಕವಲೊಡೆದಲ್ಲಿ, ಹೋಗಬೇಕಾದ ಕಡೆ ಅಪ್ಪ ಮೂರು ಕಲ್ಲನ್ನು ಒಂದರ ಮೇಲೊಂದು ಇಡುತ್ತಿದ್ದ. ಹಿಂದೆ ಬರುವವರಿಗೆ ಹಾಗೆ ಗುರುತು ಇಡಬೇಕೆಂದು ಪುಸ್ತಕದಲ್ಲಿತ್ತು.

ಆದರೆ ನಮ್ಮ ಕಡೆ ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲಿಡುವುದಕ್ಕೆ ಬೇರೆಯದೇ ಅರ್ಥವಿದೆ. ಸ್ವಂತ ಮನೆ ಬೇಕೆಂದು ಹರಕೆ ಹೊರುವವರು ಗುಡಿಯ ಸುತ್ತ ಕಲ್ಲು ಜೋಡಿಸಿ ಬರುತ್ತಾರೆ. ಎಷ್ಟು ಕಲ್ಲೋ ಅಷ್ಟು ಅಂತಸ್ತು. ನಾವಾಗ ಇದ್ದದ್ದು ಬಾಡಿಗೆ ಮನೆ. ನೀರು ಹಿಡಿಯಲು ಹೋದಾಗೆಲ್ಲ ಮನೆಯೊಡತಿ ಗೊಣಗುತ್ತಿದ್ದಳು, ಅಮ್ಮ ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಮಂಗಳವಾರ ಅರ್ಧ ಬೆಟ್ಟ ಹತ್ತಿದ ಮೇಲೊಂದು ಕವಲು ಬಂತು. ಅಪ್ಪ ಎಡಕ್ಕೆ ಮೂರು ಕಲ್ಲಿಟ್ಟು ಮುಂದೆ ಹೋದ. ಬಲಗಡೆಯ ಕಾಲುದಾರಿಯಲ್ಲಿ ಸೀತಾಫಲ ಬಾಯಿ ಬಿಟ್ಟುಕೊಂಡು ತೂಗುತ್ತಿತ್ತು. ನಾನು ಆ ಕಡೆ ನಾಲ್ಕು ಹೆಜ್ಜೆ ಹೋಗಿ ಒಂದು ಹಣ್ಣು ತಿಂದು ಬೀಜ ಉಗಿದೆ. ಕಾಲ ಬಳಿ ಒಳ್ಳೊಳ್ಳೆ ಕಲ್ಲುಗಳಿದ್ದವು. ಸ್ವಂತ ಮನೆಯ ಆಸೆಯಿಂದ ಅಲ್ಲೇ ಮೂರು ಕಲ್ಲು ಜೋಡಿಸಿ, ಕೈ ಮುಗಿದು, ಅಪ್ಪನ ಹಿಂದೆ ಓಡಿದೆ.

ಗುಡಿ ಮುಟ್ಟಿ ನಾವು ಕಾದೆವು. ಅಪ್ಪ ನಕ್ಷೆ ನೋಡಿದ, ಗಡಿಯಾರ ನೋಡಿದ, ಮತ್ತೆ ನಕ್ಷೆ ನೋಡಿದ. ಬಿಸಿಲು ನೆತ್ತಿಗೆ ಬಂತು. ಅಮ್ಮನ ಸುಳಿವಿಲ್ಲ.

"ಗುರುತು ಇಟ್ಟೇ ಬಂದಿವ್ನಲ್ಲ, ದಾರಿ ಹೆಂಗೆ ತಪ್ತದೆ?" ಎಂದ.

ಗುಡಿಯ ಸುತ್ತಲಿನ ಹರಕೆಯ ಕಲ್ಲುಗಳನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಹೇಳಿದರೆ ಏಟು ಬೀಳಬಹುದು. ಹೇಳದಿದ್ದರೆ ಅಮ್ಮ, ಪುಟ್ಟಿ, ಕರಡಿ.

"ಅಪ್ಪಾ, ಬಲಗಡೀಕೆ ನಾನೂ ಮೂರು ಕಲ್ಲು ಇಟ್ಬುಟ್ಟೆ," ಎಂದು ಅಳತೊಡಗಿದೆ.

ಅಪ್ಪ ಬಯ್ಯಲೂ ನಿಲ್ಲಲಿಲ್ಲ. ಪುಸ್ತಕವನ್ನು ಗುಡಿಯ ಕಟ್ಟೆಯ ಮೇಲೇ ಬಿಟ್ಟು ಇಳಿಜಾರಿನಲ್ಲಿ ಓಡಿದ. ಅಪ್ಪ ಪುಸ್ತಕ ಮರೆತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದನ್ನೆತ್ತಿ ಎದೆಗೆ ಅವಚಿಕೊಂಡು, ಬಿದ್ದು ಎದ್ದು, ಹಿಂದೆಯೇ ಇಳಿದೆ. ಕವಲಿನಲ್ಲಿ ಬಲಕ್ಕೆ ತಿರುಗಿ, ಮುಳ್ಳು ಗೀರಿಸಿಕೊಂಡು ಬಹಳ ದೂರ ಹೋದ ಮೇಲೆ ದನಿ ಕೇಳಿಸಿತು. "ಗಿರಿಜಾ... ಏ ಗಿರಿಜಾ..." ಅಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು, ಗಂಟಲು ಒಡೆದುಹೋಗಿತ್ತು.

ದೊಣೆಯ ಪಕ್ಕದ ಬಂಡೆಯ ಮೇಲೆ ನಿಂತಿದ್ದಳು. ಪುಟ್ಟಿ ಅವಳ ಸೆರಗು ಹಿಡಿದು, ಮೂತಿಯೆಲ್ಲ ಸೀತಾಫಲ ಮೆತ್ತಿಕೊಂಡಿದ್ದಳು. ನನ್ನನ್ನು ಕಂಡವಳೇ ಅಮ್ಮ ಅಲ್ಲೇ ಕುಸಿದು ಕೂತಳು.

"ಎಲ್ ಹಾಳಾಗ್ ಹೋಗಿದ್ಯೇ ನೀನು?" ಎಂದು ಬೆನ್ನಿಗೊಂದು ಗುದ್ದಿ, ಅದೇ ಕೈಯಲ್ಲಿ ತಬ್ಬಿಕೊಂಡಳು.

"ನನ್ನ ಕಲ್ಲು ಕಾಣ್ಲಿಲ್ವೇನೇ?" ಅಪ್ಪ ಏದುಸಿರು ಬಿಡುತ್ತ ಕೇಳಿದ.

"ಕಾಣ್ದೆ ಏನು? ಎರಡೂ ನೋಡ್ದೆ. ನಿಮ್ಮದು ಸೀರೆ ಮಡಿಸಿ ಇಟ್ಟಂಗಿತ್ತು. ಇದು ಸೊಟ್ಟಗಿತ್ತು, ಪಕ್ಕದಾಗೆ ಹಣ್ಣಿನ ಸಿಪ್ಪೆ. ಮಗು ನಿಮ್ಮ ಕೈ ತಪ್ಪಿ ಈ ಕಡೀಕೆ ಬಂದು, ನನಗೆ ಗುರುತು ಇಟ್ಟದೆ ಅಂದ್ಕೊಂಡೆ."

ಅಮ್ಮ ದಾರಿ ತಪ್ಪಿರಲೇ ಇಲ್ಲ. ಸರಿಯಾದ ದಾರಿ ಕಂಡರೂ ನೋಯುವ ಮಂಡಿ ಹೊತ್ತು ನನ್ನ ಹಿಂದೆ ಬಂದಿದ್ದಳು. ಕರಡಿಯ ಮಾತನ್ನು ಅವಳೂ ಕೇಳಿದ್ದಳು.

ಯಾಕೆ ಕಲ್ಲಿಟ್ಟೆ ಎಂದು ಕೇಳಿದಾಗ ಹೇಳಿದೆ. ಅಪ್ಪ ಆಗ ನಕ್ಕ ನಗು ಬೆಟ್ಟಕ್ಕೆಲ್ಲ ಕೇಳಿಸಿತು. "ಲೇ, ಮೂರಂತಸ್ತು ಕಟ್ಟೋಕೆ ನಿಮ್ಮಪ್ಪ ಎಷ್ಟು ಸೀರೆ ಮಾರ್ಬೇಕು ಗೊತ್ತೇನೇ?"

"ಒಂದೇ ಸಾಕು ಕಣಮ್ಮ," ಎಂದಳು ಅಮ್ಮ ಮಂಡಿ ನೀವಿಕೊಳ್ಳುತ್ತ. "ಮೆಟ್ಲು ಯಾರು ಹತ್ತಾರು?" ರೊಟ್ಟಿಯ ಗಂಟು ಬಿಚ್ಚಿ ಅಲ್ಲೇ ಉಂಡೆವು. ಅಂಥ ಹುಚ್ಚೆಳ್ಳು ಚಟ್ನಿ ನಾನು ಮತ್ತೆ ತಿಂದಿಲ್ಲ.

ಮನೆ ಆಯಿತು, ಒಂದೇ ಅಂತಸ್ತಿನದು. ಅಪ್ಪ ಈಗಿಲ್ಲ. ಪುಸ್ತಕವನ್ನು ಗೆದ್ದಲು ತಿಂದಿತು. ಅಮ್ಮ ನನ್ನ ಜೊತೆಗೇ ಇದ್ದಾಳೆ, ಅದೊಂದು ಸಮಾಧಾನ. ಹೋದ ದಸರಾ ರಜೆಯಲ್ಲಿ ನನ್ನ ಮಗಳನ್ನು ಅದೇ ಬೆಟ್ಟಕ್ಕೆ ಕರೆದೊಯ್ದೆ. ಅವಳ ಮೊಬೈಲಿನಲ್ಲಿ ದಾರಿಯೆಲ್ಲ ನೀಲಿ ಗೆರೆಯಾಗಿ ಕಾಣುತ್ತಿತ್ತು, ಎಲ್ಲಿಯೂ ತಪ್ಪಲಿಲ್ಲ. ಒಬ್ಬರು ಇನ್ನೊಬ್ಬರನ್ನು ಕೂಗುವ ಪ್ರಸಂಗವೂ ಬರಲಿಲ್ಲ. ಒಳ್ಳೆಯದೇ, ಆದರೂ ಏನೋ ಕಡಿಮೆಯಾಗಿತ್ತು. ಕವಲಿನಲ್ಲಿ ಮೂರು ಕಲ್ಲು ಜೋಡಿಸಿ, ಫೋಟೋ ತೆಗೆಸಿ, ಸಂಜೆ ಅಮ್ಮನಿಗೆ ತೋರಿಸಿದೆ.

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಇನ್ನೂ ಸೊಟ್ಟಗೇ ಇಡ್ತೀಯಲ್ಲೇ," ಎಂದಳು.