ಹೆಡ್ ಕ್ಲರ್ಕರ ನಾಲ್ಕನೇ ಹಸಿರು

ಸೋಮವಾರ ಬಂತೆಂದರೆ ನಮ್ಮ ಹೆಡ್ ಕ್ಲರ್ಕರ ಬಲಗೈ ಹೆಬ್ಬೆರಳಿನ ಉಗುರುಸಂದಿಯಲ್ಲಿ ಕಡುಹಸಿರು ಕಲೆ, ಸೊಪ್ಪು ಬಿಡಿಸಿದ ಹೆಂಗಸರ ಬೆರಳಿನ ಹಾಗೆ. ಭಾನುವಾರ ಪೂರ್ತಿ ತಮ್ಮೂರು ಹೆಡತಲೆಯ ಮನೆಯಲ್ಲಿ ಕೂತು ಪೆನ್ನಿಗೆ ಒಂದಾದ ಮೇಲೊಂದು ಹಸಿರು ಇಂಕು ತುಂಬಿ ಪರೀಕ್ಷೆ ಮಾಡುವುದು ಅವರ ಚಟ. ತಿ. ನರಸೀಪುರದ ನಮ್ಮ ಸರ್ಕಾರಿ ಕಚೇರಿಯಲ್ಲಿ ಮಾತ್ರ ಅವರು ಮುಟ್ಟುತ್ತಿದ್ದದ್ದು ನೀಲಿ. ಹಸಿರಲ್ಲಿ ಸಹಿ ಹಾಕುವವರು ಗೆಜೆಟೆಡ್ ಅಧಿಕಾರಿಗಳು; ಇವರು ಹೆಡ್ ಕ್ಲರ್ಕು. ನಾನು ಅವರ ಕೈಕೆಳಗೆ ಆಗತಾನೆ ಸೇರಿದ ಗುಮಾಸ್ತ, ಪ್ರೊಬೇಷನ್ ಕೂಡ ಮುಗಿದಿರಲಿಲ್ಲ.

ಮಧ್ಯಾಹ್ನ ಬುತ್ತಿ ಮುಗಿಸಿ, ಬದನವಾಳಿನ ಖಾದಿ ಚೀಲದಿಂದ ಹಾಳೆ ತೆಗೆದು ನನ್ನನ್ನು ಕರೆಯುವರು. "ಒಂದನೇದು ನೋಡ್ಲಾ, ಬರೆಯುವಾಗ ಚೆಂದ, ಒಣಗಿದ್ರೆ ಒಣಹುಲ್ಲು. ಎರಡನೇದು ನೀಲಿಗೆ ವಾಲ್ತದೆ. ಮೂರನೇದಕ್ಕೆ ಒಂದು ತೊಟ್ಟು ನೀರು ಬಿದ್ರೆ ಮುಗೀತು, ಸಹೀನೂ ಇಲ್ಲ, ಸಾಹೇಬ್ರೂ ಇಲ್ಲ." ನಾಲ್ಕನೆಯದನ್ನು ಕಿಟಕಿಯ ಬೆಳಕಿಗೆ ಹಿಡಿಯುವರು. ಹೆಚ್ಚೂಕಡಿಮೆ ಕಪ್ಪು, ಹಾಳೆ ಓರೆ ಮಾಡಿದರೆ ಬಲಿತ ಮಾವಿನೆಲೆಯ ಬಣ್ಣ. "ಇದು ಕಣ್ಲಾ ಇಂಕು ಅಂದ್ರೆ. ಇದ್ರಲ್ಲಿ ಬರ್ದ ಇನ್ನೊಂದು ಹಾಳೇನ ಬಿಸಿಲಿಗಿಟ್ಟಿವ್ನಿ, ಮಾಸ್ತದಾ ನೋಡವಾ."

ಆ ವರ್ಷ ಗೆಜೆಟೆಡ್ ಹುದ್ದೆಗೆ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿತ್ತು. ಜೀವಮಾನವೆಲ್ಲ ಬೇರೆಯವರ ಸಹಿಗೆ ಕಾದು ನಿಂತ ಮನುಷ್ಯನಿಗೆ ತನ್ನದೇ ಸಹಿಯ ಆಸೆ. ಒಂದು ಸೋಮವಾರ ತಂದ ಹಾಳೆಯಲ್ಲಿ ನಾಲ್ಕು ಹಸಿರಲ್ಲೂ ಸಹಿ ಹಾಕಿ, ಕೆಳಗೆ ಇನ್ನೂ ಬಾರದ ಹುದ್ದೆಯ ಹೆಸರನ್ನೂ ಬರೆದುಬಿಟ್ಟಿದ್ದರು. ನನಗೆ ತೋರಿಸಿ ಮದುವೆ ಗಂಡಿನಂತೆ ನಾಚಿಕೊಂಡರು. ಆ ಹಾಳೆ ಮೇಜಿನ ಮೇಲೇ ಉಳಿಯಿತು. ಸಂಜೆ ಬಸ್ಸು ತಪ್ಪೀತೆಂಬ ಆತುರದಲ್ಲಿ, ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಬಾಚಿ ಕಡತಕ್ಕೆ ಸೇರಿಸಿ ದಾರ ಕಟ್ಟಿದವನು ನಾನು. ಕಡತ ನೇರ ಸಾಹೇಬರ ಮೇಜಿಗೆ ಹೋಯಿತು.

ಮಾರನೇ ದಿನ ಇಬ್ಬರಿಗೂ ಕರೆ ಬಂತು. ಸಾಹೇಬರು ಹಾಳೆ ಹಿಡಿದು ಕೂಗಾಡುತ್ತಿದ್ದರು. "ಕ್ಲರ್ಕು ಹಸಿರಲ್ಲಿ ಸೈನ್ ಮಾಡೋದಾ? ಇನ್ನೂ ಯಾವ್ಯಾವ ಪೇಪರಿಗೆ ಹಾಕಿದ್ದೀರಿ?"

"ಇಂಕು ನೋಡಕ್ಕೆ ಬರ್ದಿದ್ದು ಸಾ. ಇವನಿಗೂ ಗೊತ್ತು, ಕೇಳಿ" ಎಂದರು ಹೆಡ್ ಕ್ಲರ್ಕರು.

ಸಾಹೇಬರು ನನ್ನ ಕಡೆ ತಿರುಗಿದರು. "ನನಗೇನೂ ಗೊತ್ತಿಲ್ಲ ಸಾರ್" ಅಂದೆ.

ಥೂ, ನನ್ನ ಜನ್ಮಕ್ಕಿಷ್ಟು! ಕೆಲಸ ಹೋದೀತೆಂಬ ಪುಕ್ಕಲುತನ, ಅಷ್ಟೇ. ಬೇರೆ ಯಾವ ಘನಂದಾರಿ ಕಾರಣವೂ ಇರಲಿಲ್ಲ.

ನೋಟೀಸು ಬಂತು, ವಿಚಾರಣೆ ಶುರುವಾಯಿತು, ಪಟ್ಟಿಯಿಂದ ಹೆಸರು ಹೋಯಿತು. ಎಳೆದೂ ಎಳೆದೂ ಕೊನೆಗೆ, ಅವರು ರಿಟೈರಾದ ಮೇಲೆ, ಆರೋಪಕ್ಕೆ ಆಧಾರವಿಲ್ಲ ಎಂದು ಒಂದು ಕಾಗದ ಕಳಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಅಷ್ಟೂ ದಿನ ಅವರು ನನ್ನನ್ನು ಒಂದು ಮಾತು ಬೈಯಲಿಲ್ಲ. ಹಾಳೆ ತೋರಿಸುವುದನ್ನು ನಿಲ್ಲಿಸಿದರು. ಉಗುರು ಬೆಳ್ಳಗಾಯಿತು.

ನನಗೆ ಗೆಜೆಟೆಡ್ ಹುದ್ದೆ ಸಿಕ್ಕಿ ನಂಜನಗೂಡಿಗೆ ಬಂದಾಗ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೆಡತಲೆಗೆ ಹೋದೆ. ಒಳಗಿಂದ ಒಂದು ತುಂಬಿದ ಬಾಟಲಿ ತಂದು ಮುಂದಿಟ್ಟರು. "ನಾಲ್ಕನೇದು ಕಣ್ಲಾ. ಬರ್ದಿದ್ ಹಾಳೆ ವರ್ಷಗಟ್ಲೆ ಬಿಸ್ಲಲ್ಲಿಟ್ಟಿದ್ದೆ, ಮಾಸ್ನಿಲ್ಲ. ತಕ್ಕೋ, ಇನ್ಮೇಲೆ ನಿಂಗೆ ಬೇಕಾಯ್ತದೆ." ಬಾಗಿಲ ತನಕ ಬಂದವರು ಮೆಲ್ಲಗೆ ಅಂದರು, "ಅವತ್ತು ನಾನು ನಿನ್ ಮೊಕಾನೇ ನೋಡ್ತಿದ್ದೆ. ನೀನು ನೆಲ ನೋಡ್ತಿದ್ದೆ."

ತಲೆ ತಗ್ಗಿಸಿಕೊಂಡು ಬಂದೆ. ಕಡತ ಕಟ್ಟಿದವನೂ ನಾನೇ ಅಂತ ಹೇಳಲು ಅಂದೂ ಬಾಯಿ ಬರಲಿಲ್ಲ.

ಹೋದ ತಿಂಗಳು ಅವರ ಹೆಂಡತಿ ನನ್ನ ಕಚೇರಿಗೆ ಬಂದರು. ಹೆಡ್ ಕ್ಲರ್ಕರು ತೀರಿಕೊಂಡಿದ್ದರು. ಕುಟುಂಬ ಪಿಂಚಣಿಗೆಂದು ಮರಣ ಪ್ರಮಾಣಪತ್ರದ ಜೆರಾಕ್ಸಿಗೆ ಗೆಜೆಟೆಡ್ ಸಹಿ ಬೇಕಿತ್ತು. ಈಗ ನಮ್ಮ ಸಹಿಯೆಲ್ಲ ಬಹುಪಾಲು ಕಂಪ್ಯೂಟರಿನಲ್ಲೇ. ಆದರೂ ಆ ಬಾಟಲಿಯ ಇಂಕು ತುಂಬಿದ ಪೆನ್ನು ಜೇಬಿನಲ್ಲಿತ್ತು. ಹೆಡ್ ಕ್ಲರ್ಕರ ಹೆಸರಿನ ಕೆಳಗೆ ಹಸಿರಲ್ಲಿ ಸಹಿ ಹಾಕಿದೆ. ಆಯಮ್ಮ ಸೆರಗು ತಾಕದ ಹಾಗೆ ಹಾಳೆ ಎತ್ತಿ, ಉಫ್ ಅಂತ ಊದಿ ಒಣಗಿಸಿದರು.

"ಅವ್ರು ನಿಮ್ಮನ್ನ ಬಾಳ ನೆನೀತಿದ್ರು ಕಣಪ್ಪ. ಆ ಹಾಳೆ ಸಾಹೇಬ್ರ ಕೈಗೆ ಎಂಗ್ ಓಯ್ತೋ ಅಂತ ಸಾಯೋಗಂಟ ಕೇಳ್ತಾನೇ ಇದ್ರು. ನಿಮಗೇನಾದ್ರೂ ಗೊತ್ತಾ?"

ಪೆನ್ನಿನ ಮುಚ್ಚಳ ಹಾಕುತ್ತಾ, "ನನಗೇನೂ ಗೊತ್ತಿಲ್ಲ ತಾಯಿ" ಅಂದೆ.