ಮೊಸರಿನೊಳಗಿನ ಹೆಸರುಬೇಳೆ

ಚಳಿಗಾಲ ಬಂತೆಂದರೆ ನನಗೆ ಸೂರ್ಯನ ಮೇಲೆ ಸಿಟ್ಟು. ಮಹಾಲಿಂಗಪುರದ ಶಾಲೆಯಲ್ಲಿ ಪಾಠ ಮುಗಿಸಿ ಬನಹಟ್ಟಿಯ ಬಸ್ಸು ಹತ್ತಿದರೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ದಾಟಲು ಜಾಗವಿಲ್ಲ. ಕಿಟಕಿಯಲ್ಲಿ ಹೊತ್ತು ನೋಡುತ್ತ, ಡ್ರೈವರನ್ನು ಮನಸ್ಸಿನಲ್ಲೇ ಬೈಯುತ್ತ ಕೂತಿರುತ್ತಿದ್ದೆ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ನಾಲ್ಕು ವರ್ಷದ ಮಗಳೋ ನನ್ನ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ. ನನಗೆ ತಡವಾದರೆ ಅವಳು ಬರೀ ಹೊಟ್ಟೆಯಲ್ಲೇ ಮಲಗಬೇಕು.

ಮೊದಲೇ ಕಡ್ಡಿಯಾಗಿದ್ದಳು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಾಗ ಶಕ್ತಿನ ಇಲ್ಲ. ದಿನಾ ಒಂದ ತತ್ತಿ ತಿನ್ನಸ್ರಿ" ಎಂದರು.

"ನಾವು ತತ್ತಿ ತಿನ್ನಂಗಿಲ್ರಿ."

"ಹಂಗಾರ ಬ್ಯಾಳಿನ ಗತಿ. ಅದನ್ನರ ಛಲೋತಂಗ ತಿನ್ನಸ್ರಿ."

ತಿನ್ನಬೇಕಲ್ಲ! ಬೇಳೆ ಸಾರು, ಹೆಸರುಬೇಳೆಯ ಪಲ್ಯ, ರೊಟ್ಟಿಯೊಳಗೆ ಮುಚ್ಚಿಟ್ಟ ಕಡಲೆಹಿಟ್ಟಿನ ಜುಣಕ, ಎಲ್ಲ ಆಯಿತು. ಹಳದಿ ಕಂಡರೆ ಸಾಕು, ತುಟಿ ಬಿಗಿ. ಒತ್ತಾಯ ಮಾಡಿದರೆ ನನ್ನ ಸೀರೆಯ ಮೇಲೆ ಉಗುಳುತ್ತಿದ್ದಳು. ಅವಳಿಗೆ ಬೇಕಾದದ್ದು ಮೊಸರನ್ನ ಒಂದೇ. ಮೊಸರಿಗೂ ಬೇಳೆಗೂ ನಮ್ಮ ಮನೆಯಲ್ಲಿ ಆಗಿಬರುವುದಿಲ್ಲ. ಎರಡು ಹೋಳಾಗುವ ಕಾಳು ಹಸಿ ಮೊಸರಿಗೆ ಸೇರಿದರೆ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ತಿಂದರೆ ಅವನ್ನು ಕೊಂದಂತೆ. ಅತ್ತೆ ಈ ನೇಮವನ್ನು ಒಂದು ದಿನವೂ ತಪ್ಪಿದವರಲ್ಲ. ಬೇಳೆಯ ಸೌಟು ಮೊಸರಿನ ಗಡಿಗೆಯ ಹತ್ತಿರ ಸುಳಿಯುವಂತಿರಲಿಲ್ಲ.

ಒಂದು ಸಂಜೆ ಬಸ್ಸು ತೀರ ತಡವಾಯಿತು. ಓಡಿ ಬಂದು ನೋಡಿದರೆ ಬಿಸಿಲು ಗೋಡೆಯ ತುದಿಗೆ ಏರಿತ್ತು. ಅತ್ತೆ ಹೊರಗೆ ಕಟ್ಟೆಯ ಮೇಲಿದ್ದರು. ತಲೆ ಕೆಟ್ಟುಹೋಗಿತ್ತು ನನಗೆ. ಬೆಂದ ಹೆಸರುಬೇಳೆಯನ್ನು ನುಣ್ಣಗೆ ಹಿಸುಕಿ ಮೊಸರನ್ನದಲ್ಲಿ ಕಲಸಿಬಿಟ್ಟೆ. ಮಗಳು ಬಟ್ಟಲು ನೆಕ್ಕಿ, "ಇನ್ನಷ್ಟ ಹಾಕವಾ" ಎಂದಳು. ಬಾಗಿಲ ಕಡೆ ಒಮ್ಮೆ ನೋಡಿ ಇನ್ನೊಂದು ಸೌಟು ಬೇಳೆ ಕಲಸಿ ಹಾಕಿದೆ. ಮರುದಿನವೂ ಅದನ್ನೇ ಮಾಡಿದೆ. ಒಂದು ತಿಂಗಳು ಮಾಡಿದೆ. ಅವಳ ಕೆನ್ನೆಗಳು ತುಂಬತೊಡಗಿದವು. "ಈಗ ನೋಡ, ಕೂಸು ಬಣ್ಣಕ್ಕ ಬಂತು" ಎಂದು ಅತ್ತೆ ದೃಷ್ಟಿ ತೆಗೆದರು. ನಾನು ತಲೆ ಎತ್ತಲಿಲ್ಲ.

ಆಮೇಲೊಂದು ದಿನ ಮಗಳು ಬಟ್ಟಲು ಹಿಡಿದು ಅಜ್ಜಿಯ ತೊಡೆ ಏರಿದಳು. "ಆಯಿ, ಆ ಮಾಡು. ಒಂದ ತುತ್ತು." ಅತ್ತೆ ನಗುತ್ತ ಬಾಯಿ ತೆರೆದರು. ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ತಿನಬ್ಯಾಡ್ರಿ ಅತ್ತಿ!" ಎಂದು ಮಗಳ ಕೈ ಹಿಡಿದೆ. "ಅದರಾಗ ಬ್ಯಾಳಿ ಐತ್ರಿ."

ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟ ದಿನಾ ಆತು?"

"ತಿಂಗಳಾತ್ರಿ."

ಬೈದರೆ ಬೈಯಲಿ ಎಂದು ಕಾದೆ. ಮಗಳು ತುತ್ತು ಹಿಡಿದುಕೊಂಡೇ ಅಳತೊಡಗಿದಳು. ಅತ್ತೆ ಅವಳನ್ನು ಕೆಳಗಿಳಿಸಿ ಒಳಗೆ ನಡೆದರು.

ಮರುದಿನ ಬೆಳಿಗ್ಗೆ ಅವರು ನೀರೂ ಮುಟ್ಟಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆಲ್ಲಿ? ನಾನು ಶಾಲೆಗೆ ಹೊರಟಾಗ ಅವರೇ ಹೇಳಿದರು: "ಕೂಸಿನ ಪಾಪಕ್ಕ ನಾ ಉಪಾಸ ಅದೇನಿ. ನಿಂದು ನೀ ನೋಡ್ಕೋ."

ಕೈಯಲ್ಲಿದ್ದ ಊಟದ ಡಬ್ಬಿಯನ್ನು ಅಲ್ಲೇ ಇಟ್ಟು ಬಸ್ಸಿಗೆ ನಡೆದೆ.